ಎರಡು ಬಿರುಕು, ಏಳು ತೂತು

"ನಿಮ್ಮ ಮಗ ಎಂಜಿನಿಯರ್ ಅಲ್ವಾ, ಅವನನ್ನೇ ಕೇಳಿ." ಈ ಮಾತು ಕೇಳದೇ ಇರೋ ಸಾಫ್ಟ್‌ವೇರ್ ಎಂಜಿನಿಯರ್ ಯಾರಾದ್ರೂ ಇದ್ದಾರಾ? ಮಿಕ್ಸಿ ಕೆಟ್ಟರೆ ನನ್ನನ್ನೇ ಕೇಳ್ತಾರೆ, ಯುಪಿಎಸ್ ಕುಯ್ ಅಂದರೂ ನನ್ನನ್ನೇ ಕೇಳ್ತಾರೆ, ಪಕ್ಕದ ಮನೆಯವರ ಟೀವಿಯಲ್ಲಿ ಉದಯ ಬರದಿದ್ದರೂ ನನ್ನನ್ನೇ. ಓದಿದ್ದು ಕಂಪ್ಯೂಟರ್ ಸೈನ್ಸ್ ಅಂದ್ರೆ ಯಾರಿಗೂ ಅದು ಕಾರಣ ಅನ್ನಿಸೋದಿಲ್ಲ. ಆದರೆ ಈ ಸಲ ಕೇಳಿದ್ದು ಮನೆಯ ಗೋಡೆ ಬಗ್ಗೆ. ಪುಣ್ಯಕ್ಕೆ ವಿಟಿಯುನಲ್ಲಿ ಯಾವ ಬ್ರಾಂಚ್ ತಗೊಂಡಿದ್ರೂ ಮೊದಲ ವರ್ಷ 'ಎಲಿಮೆಂಟ್ಸ್ ಆಫ್ ಸಿವಿಲ್' ಅಂತ ಒಂದು ವಿಷಯ ಓದಲೇಬೇಕಿತ್ತು. ಅದರಿಂದ ನನ್ನ ತಲೆಯಲ್ಲಿ ಉಳಿದಿದ್ದು ಒಂದೇ ವಾಕ್ಯ: ಕಾಂಕ್ರೀಟನ್ನು ಎಷ್ಟು ಅದುಮಿದರೂ ತಡೆಯುತ್ತೆ, ಎಳೆದರೆ ತಡೆಯಲ್ಲ. ಅದುಮಿದಾಗ ಇರೋ ಶಕ್ತಿಯ ಹತ್ತನೇ ಒಂದು ಭಾಗದಷ್ಟೇ ಎಳೆತಕ್ಕೆ. ಆ ಒಂದು ವಾಕ್ಯದ ಮೇಲೆಯೇ ಈ ಕಥೆಯೆಲ್ಲ ನಿಂತಿದೆ.

ಮೈಸೂರಿನಲ್ಲಿ ಸಾಮಾನ್ಯವಾಗಿ ಮನೆಗಳಿಗೆ ಸೈಜುಗಲ್ಲಿನ ಪಾಯ. ಗುಂಡಿ ತೋಡಿ, ಬೆಡ್ ಕಾಂಕ್ರೀಟ್ ಹಾಕಿ, ಮೇಲೆ ಕಲ್ಲು ಕಟ್ಟಿ, ಅದರ ಮೇಲೆ ಪ್ಲಿಂತ್ ಬೀಮ್. ನಮ್ಮ ಸೈಟು ಮಾತ್ರ ಇಳಿಜಾರು. ಹಿಂದಿನ ಬೇಲಿಯಿಂದ ಮುಂದಿನ ರಸ್ತೆಗೆ ಏಳು ಅಡಿ ಇಳಿತ. ಅಪ್ಪ 2006ರಲ್ಲಿ ಮನೆ ಕಟ್ಟಿಸುವಾಗ ಆ ಇಳಿತವನ್ನು ದಂಡ ಮಾಡೋದ್ಯಾಕೆ ಅಂತ ಕೆಳಗೆ ಸೆಲ್ಲಾರ್ ಮಾಡಿಸಿದರು. ಹಾಗಾಗಿ ಹಿಂಬದಿಗೆ ಕಂಬಿ ಕಟ್ಟಿ ಹಾಕಿದ ಕಾಂಕ್ರೀಟ್ ಗೋಡೆ. ಎಂಟು ಅಡಿ ಎತ್ತರ, ಒಂಬತ್ತು ಮೀಟರ್ ಉದ್ದ, ಎಂಟು ಇಂಚು ದಪ್ಪ. ಗೋಡೆಯ ಆಚೆ ಬರೀ ಮಣ್ಣು, ಮೇಲೆ ನಮ್ಮ ಮನೆ. ಅದೇ ಪಾಯ, ಅದೇ ಗೋಡೆ. ಈಚೆ ಕಡೆ ಕಾರು, ಎರಡು ಸ್ಕೂಟರು, ಯಾವತ್ತಾದ್ರೂ ಬೇಕಾಗುತ್ತೆ ಅಂತ ಎತ್ತಿಟ್ಟಿರೋ ಹದಿನೆಂಟು ವರ್ಷದ ಸಾಮಾನು.

2024ರ ಆಯುಧಪೂಜೆಗೆ ಗಾಡಿ ತೊಳೆಯೋಕೆ ಅಂತ ಸೆಲ್ಲಾರಿನ ಕಬ್ಬಿಣದ ರ‍್ಯಾಕು ಸರಿಸಿದೆವು. ಹಿಂದೆ ಗೋಡೆ ಬಿರುಕು ಬಿಟ್ಟಿತ್ತು. ಒಂದಲ್ಲ, ಎರಡು. ಒಂದು ನೆಟ್ಟಗೆ, ನೆಲದಿಂದ ಮೇಲಕ್ಕೆ ಐದಡಿ, ಕೂದಲೆಳೆಯಷ್ಟು ಸಣ್ಣದು. ಇನ್ನೊಂದು ಅಡ್ಡಡ್ಡ. ಗೋಡೆಯ ಅರ್ಧ ಎತ್ತರಕ್ಕಿಂತ ಸ್ವಲ್ಪ ಕೆಳಗೆ, ಸುಮಾರು ಮೂರು ಮೀಟರ್ ಉದ್ದಕ್ಕೆ ಎಳೆದ ಗೆರೆ. ಅದರ ಗುಂಟ ಅಲ್ಲಲ್ಲಿ ಬಿಳೀ ಪುಡಿ ಅರಳಿತ್ತು. ಕುಂಕುಮ ಇಡೋಕೆ ಬಂದ ಅಪ್ಪ ತಟ್ಟೆ ಹಿಡ್ಕೊಂಡೇ ನಿಂತುಬಿಟ್ಟರು.

ಸಲಹೆಗಳ ಮೆರವಣಿಗೆ ಮಾರನೇ ದಿನದಿಂದಲೇ ಶುರು (ದಸರಾ ಮೆರವಣಿಗೆ ಮುಗಿದ ಮೇಲೆ ಇದು). ಮೊದಲು ಬಂದ ಕಂಟ್ರಾಕ್ಟರ್ ಒಬ್ಬರು ಎರಡು ನಿಮಿಷ ನೋಡಿ, "ಪಾಯ ಕೂತಿದೆ ಸಾರ್. ಕೆಳಗಡೆಯಿಂದ ಹೊಸ ಕಾಂಕ್ರೀಟ್ ಕೊಟ್ಟು ಎತ್ತಬೇಕು. ಏಳು ಲಕ್ಷ ಆಗುತ್ತೆ, ಬೇಗ ಮಾಡಿಸಿ" ಅಂದರು. ಎರಡನೆಯವರು ಬಣ್ಣದ ಮೇಸ್ತ್ರಿ. "ಇದೇನ್ ಸಾಮಿ, ಎಲ್ಲಾ ಮನೇಲೂ ಇರ್ತದೆ. ಪುಟ್ಟಿ ಹಾಕಿ ಎರಡು ಕೋಟ್ ಹೊಡುದ್ರೆ ಕಾಣಾಕಿಲ್ಲ. ಎಂಟು ಸಾವ್ರ ಕೊಡಿ." ಒಂದೇ ಗೋಡೆಗೆ ಎಂಟು ಸಾವಿರವೂ ಏಳು ಲಕ್ಷವೂ! ಮೂರನೆಯವರು ನಮ್ಮ ನೆಂಟರೇ. ಅವರು ಗೋಡೆ ನೋಡಲೂ ಇಲ್ಲ. "ಬಣ್ಣ ಹೊಡೆಸಿ ಮಾರಿಬಿಡಿ ಭಾವ, ಮುಂದಿನ ಮಳೆಗಾಲದೊಳಗೆ. ಅಪಾರ್ಟ್‌ಮೆಂಟ್ ತಗೊಂಡು ಆರಾಮಾಗಿರಿ" ಅಂದರು. ಅಪ್ಪ ಕಾಫಿ ಲೋಟ ಕೆಳಗಿಟ್ಟು, "ತಗೊಳ್ಳೋರ ಮನೇಲೂ ಮಕ್ಕಳು ಮರಿ ಇರ್ತಾರಲ್ಲಪ್ಪ" ಅಂದರು. ಆ ಮಾತು ಅಲ್ಲಿಗೇ ನಿಂತಿತು.

ಅಪ್ಪನ ಹೆದರಿಕೆಗೆ ಇನ್ನೊಂದು ಕಾರಣ ಇತ್ತು. ಮೈಸೂರಿನವರಿಗೆ ಲ್ಯಾನ್ಸ್‌ಡೌನ್ ಕಟ್ಟಡ ಗೊತ್ತೇ ಇರುತ್ತೆ. 1892ರಲ್ಲಿ ಕಟ್ಟಿದ್ದು, ಕೆಳಗೆ ಸಾಲಾಗಿ ಹಳೇ ಪುಸ್ತಕದಂಗಡಿಗಳು. ನನ್ನ ಹೈಸ್ಕೂಲಿನ ಗೈಡುಗಳೆಲ್ಲ ಅಲ್ಲಿಯವೇ. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್‌ನಲ್ಲೇ, ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಅವು ಗಾರೆ, ಇಟ್ಟಿಗೆ, ಮರದ ತೊಲೆಯ ಶತಮಾನದ ಕಟ್ಟಡಗಳು. ನಮ್ಮದು 2006ರ ಕಾಂಕ್ರೀಟು. ಹೋಲಿಕೆಯೇ ಇಲ್ಲ. ಹಾಗಂತ ಅಪ್ಪನಿಗೆ ಹೇಳಿದೆ. "ಗೊತ್ತು ಕಣೋ" ಅಂದರು. ಆದರೆ ಅವತ್ತು ರಾತ್ರಿ ಆ ಗೋಡೆಯ ಮೇಲಿರೋ ತಮ್ಮ ರೂಮಿನಿಂದ ಮಂಚ ಎಳ್ಕೊಂಡು ಬಂದು ಹಾಲಿನಲ್ಲಿ ಮಲಗಿದರು. ಅಮ್ಮ ಏನೂ ಕೇಳಲಿಲ್ಲ, ತಾವೂ ಚಾಪೆ ತಂದರು.

ರಿಟೈರ್ ಆದ ದುಡ್ಡಿನಲ್ಲಿ ಮೇಲೆ ಒಂದು ಮಹಡಿ ಎಬ್ಬಿಸಿ ಬಾಡಿಗೆಗೆ ಕೊಡೋದು ಅಪ್ಪನ ಯೋಜನೆ. ಪೆನ್ಷನ್ ಜೊತೆ ಅದೇ ಆಧಾರ. ಬಿರುಕು ಬಿಟ್ಟ ಪಾಯದ ಮೇಲೆ ಮಹಡಿ ಹೇಗೆ ಕಟ್ಟೋದು?

ನನಗೆ ಬರೋದು ಡೀಬಗ್ ಮಾಡೋದೊಂದೇ. ಪ್ರೋಗ್ರಾಂ ಕ್ರ್ಯಾಶ್ ಆದಾಗ ಮೊದಲು ಯಾರೂ ಕೋಡ್ ಮುಟ್ಟೋದಿಲ್ಲ, ಲಾಗ್ ನೋಡ್ತಾರೆ. ಗೋಡೆಯ ಲಾಗ್ ಅಂದ್ರೆ ಬಿರುಕೇ. ಅದು ಯಾವ ದಿಕ್ಕಿಗೆ ಓಡಿದೆ, ಎಲ್ಲಿ ಅಗಲ, ಎಲ್ಲಿ ಸಣ್ಣ, ಅಂಚು ಹೊಸದೋ ಹಳೇದೋ... ಬಿರುಕು ಯಾವಾಗಲೂ ಎಳೆತಕ್ಕೆ ಅಡ್ಡಲಾಗಿ ಬೀಳುತ್ತೆ. ಹಾಗಾದರೆ ಬಿರುಕು ನೋಡಿದರೆ ಗೋಡೆಯನ್ನು ಯಾವ ಕಡೆಯಿಂದ ಯಾರು ಎಳೆದರು ಅಂತ ತಿಳೀಬೇಕಲ್ಲ?

ನೆಟ್ಟಗಿನ ಬಿರುಕಿನ ಗುಟ್ಟು ಬೇಗ ಸಿಕ್ಕಿತು. ಕಾಂಕ್ರೀಟ್ ಒಣಗುವಾಗ ಕುಗ್ಗುತ್ತೆ. ನಮ್ಮ ದೇಶದ ಕಾಂಕ್ರೀಟ್ ನಿಯಮಾವಳಿ ಐಎಸ್ 456:2000 ಪ್ರಕಾರ, ಬೇರೆ ಲೆಕ್ಕ ಇಲ್ಲದಿದ್ದಾಗ ಈ ಕುಗ್ಗುವಿಕೆಯನ್ನು ಹತ್ತು ಸಾವಿರಕ್ಕೆ ಮೂರು ಭಾಗ ಅಂತ ಹಿಡೀಬೇಕು. ನಮ್ಮ ಒಂಬತ್ತು ಮೀಟರ್ ಗೋಡೆಗೆ 2.7 ಮಿಲಿಮೀಟರ್. ಗೋಡೆ ಅಷ್ಟು ಗಿಡ್ಡ ಆಗೋಕೆ ನೋಡುತ್ತೆ, ಆದರೆ ಮೊದಲೇ ಹಾಕಿ ಗಟ್ಟಿಯಾಗಿರೋ ತಳದ ಕಾಂಕ್ರೀಟು ಕಾಲು ಹಿಡ್ಕೊಂಡಿರುತ್ತೆ. ಆಗ ಎಲ್ಲೋ ಒಂದು ಕಡೆ ನೆಟ್ಟಗೆ ಸೀಳುತ್ತೆ. ತಳದಿಂದ ಶುರುವಾಗಿ ಮೇಲೆ ಹೋಗ್ತಾ ಮಾಯ. ನೀರು ಹಾಕಿ ಸರಿಯಾಗಿ ಕ್ಯೂರಿಂಗ್ ಮಾಡದಿದ್ದರೆ ಇನ್ನೂ ಬೇಗ. ನಿಯಮಾವಳಿ ಕನಿಷ್ಠ ಏಳು ದಿನ ಅನ್ನುತ್ತೆ, ಬಿಸಿಲು ಕಾಲದಲ್ಲಿ ಹತ್ತು. ನಮ್ಮ ಗೋಡೆಗೆ ಎಷ್ಟು ದಿನ ನೀರು ಹಾಕಿದರೋ ಆ ದೇವರಿಗೇ ಗೊತ್ತು. ಬಿರುಕಿನ ಒಳಗೆ ಹಳೇ ಬಣ್ಣ ಇಳಿದಿತ್ತು. ಅಂದ್ರೆ ಮೊದಲ ಸಲ ಬಣ್ಣ ಹೊಡೆಯೋ ಹೊತ್ತಿಗೇ ಅದು ಅಲ್ಲಿತ್ತು. ಹದಿನೆಂಟು ವರ್ಷದಿಂದ ಸುಮ್ಮನೆ ಕೂತಿದೆ, ಪಾಪ.

ಅಡ್ಡ ಬಿರುಕಿನ ಒಳಗೆ ಬಣ್ಣ ಇರಲಿಲ್ಲ. ಅಂಚು ಚೂಪಾಗಿತ್ತು. ಹೊಸದು.

ಪಾಯ ಕೂತಿದೆ ಅಂದಿದ್ದರಲ್ಲ, ಅದನ್ನೇ ಮೊದಲು ನೋಡೋಣ ಅಂತ ಹಳೇ ಪರಿಚಯದ ಗಾರೆ ಮೇಸ್ತ್ರಿಯೊಬ್ಬರನ್ನು ಕರೆದೆ. ಪಾಯದ ಒಂದು ಮೂಲೆ ಕೂತರೆ ಬಿರುಕು ಓರೆಯಾಗಿ ಬರುತ್ತೆ, ಒಂದು ತುದಿ ಅಗಲ, ಇನ್ನೊಂದು ತುದಿ ಸಣ್ಣ. ಇಟ್ಟಿಗೆ ಗೋಡೆಯಾದರೆ ಮೆಟ್ಟಿಲು ಮೆಟ್ಟಿಲಾಗಿ. ಮೇಲೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತೆ, ಕಿಟಕಿ ಮೂಲೆಯಿಂದ ಗೆರೆ ಹೊರಡುತ್ತೆ. ಎರೆಮಣ್ಣಿನ ಊರುಗಳಲ್ಲಿ ಇದು ಮಾಮೂಲು; ಆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಕುಗ್ಗುತ್ತೆ, ಮನೆ ಅದರ ಜೊತೆ ಕುಣಿಯುತ್ತೆ. ನಮ್ಮದು ಕೆಮ್ಮಣ್ಣು. ಮನೆಯ ಒಂದು ಬಾಗಿಲೂ ಕಚ್ಚುತ್ತಿರಲಿಲ್ಲ. ಆದರೂ ಮೇಸ್ತ್ರಿ ಲೆವೆಲ್ ಪೈಪು ತಂದರು. ಗೊತ್ತಲ್ಲ, ನೀರು ತುಂಬಿದ ಪಾರದರ್ಶಕ ಪೈಪು, ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಲೇಸರ್ ಗೀಸರ್ ಏನೂ ಬೇಡ. ಗೋಡೆಯ ಎರಡು ತುದಿಗೂ ಪ್ಲಿಂತ್ ಮಟ್ಟ ನೋಡಿದೆವು. ಒಂಬತ್ತು ಮೀಟರಿಗೆ ಮೂರು ಮಿಲಿಮೀಟರ್ ವ್ಯತ್ಯಾಸ. ಕಟ್ಟುವಾಗಲೇ ಅಷ್ಟು ಇದ್ದಿರುತ್ತೆ ಅಂದರು. ಏಳು ಲಕ್ಷ ಅಲ್ಲಿಗೆ ಉಳಿಯಿತು.

ಆಮೇಲೆ ತೂಗುಗುಂಡು. ಚಾವಣಿಯಿಂದ ದಾರ ಇಳಿಬಿಟ್ಟು ಗೋಡೆಗೂ ದಾರಕ್ಕೂ ಎಷ್ಟು ದೂರ ಅಂತ ಒಂದೊಂದು ಅಡಿಗೂ ಅಳೆದೆವು. ಮೇಲೆ 50 ಮಿಲಿಮೀಟರ್, ಕೆಳಗೆ 50, ಬಿರುಕಿನ ಹತ್ತಿರ 44. ಮಣ್ಣಿಲ್ಲದ ಪಕ್ಕದ ಗೋಡೆಗೂ ಹಾಗೇ ಮಾಡಿದರೆ ಎಲ್ಲೂ ಎರಡಕ್ಕಿಂತ ಜಾಸ್ತಿ ಏರುಪೇರಿಲ್ಲ. ಅಂದರೆ ಹಿಂಬದಿ ಗೋಡೆ ಹೊಟ್ಟೆ ಮುಂದೆ ತಂದಿತ್ತು. ಆರು ಮಿಲಿಮೀಟರ್ ಹೊಟ್ಟೆ. ಮೇಲೆ ಮನೆಯ ಸ್ಲ್ಯಾಬು ಹಿಡ್ಕೊಂಡಿದೆ, ಕೆಳಗೆ ತಳ ಹಿಡ್ಕೊಂಡಿದೆ, ನಡುವೆ ಯಾರೋ ಹಿಂದಿನಿಂದ ತಳ್ತಾ ಇದ್ದಾರೆ. ಆಗ ಈಚೆ ಮುಖ ಹಿಗ್ಗುತ್ತೆ, ಕಾಂಕ್ರೀಟು ಎಳೆತ ತಡೆಯಲ್ಲ, ಅರ್ಧಕ್ಕಿಂತ ಸ್ವಲ್ಪ ಕೆಳಗೆ ಅಡ್ಡಡ್ಡ ಸೀಳುತ್ತೆ. ಎಲಿಮೆಂಟ್ಸ್ ಆಫ್ ಸಿವಿಲ್ ಕೊನೆಗೂ ಒಂದು ಕೆಲಸಕ್ಕೆ ಬಂತು! ಸುತ್ತಿಗೆಯಲ್ಲಿ ಮೆಲ್ಲಗೆ ಬಡಿದು ನೋಡಿದ ಮೇಸ್ತ್ರಿ, ಟೊಳ್ಳು ಶಬ್ದ ಇಲ್ಲ, ತುಕ್ಕಿನ ಕಲೆ ಇಲ್ಲ, ಕಂಬಿ ಇನ್ನೂ ಚೆನ್ನಾಗಿದೆ ಅಂದರು. ಕಂಬಿ ತುಕ್ಕು ಹಿಡಿದರೆ ಉಬ್ಬಿ ಕಾಂಕ್ರೀಟನ್ನೇ ಒಡೆದು ಹಾಕುತ್ತೆ, ಅದು ಬೇರೆಯೇ ಕಾಯಿಲೆ.

ಆದರೆ ಹದಿನೆಂಟು ವರ್ಷ ಸುಮ್ಮನಿದ್ದ ಮಣ್ಣು ಈಗ ಯಾಕೆ ತಳ್ಳಬೇಕು? ಇದು ನನಗೂ ಮೇಸ್ತ್ರಿಗೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅಪ್ಪ ತಮ್ಮ ಕೆಲಸ ಶುರು ಮಾಡಿದ್ದರು. ಮೂವತ್ತನಾಲ್ಕು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವರು. ನಾನು ಲ್ಯಾಬ್ ಸಾಮಾನಿನ ಅಂಗಡಿಯಿಂದ ಸೂಕ್ಷ್ಮದರ್ಶಕದ ಗಾಜಿನ ಸ್ಲೈಡು ತಂದು, ಬಿರುಕಿನ ಮೇಲೆ ಅಡ್ಡಲಾಗಿ ಅರಾಲ್ಡೈಟ್ ಹಾಕಿ ಅಂಟಿಸಿದ್ದೆ. ಅಡ್ಡ ಬಿರುಕಿಗೆ ಎರಡು, ನೆಟ್ಟಗಿನದಕ್ಕೆ ಒಂದು. ಗಾಜು ಬಗ್ಗೋದಿಲ್ಲ, ಬಿರುಕು ಕದಲಿದರೆ ಒಡೆಯುತ್ತೆ. ಬಿರುಕಿನ ತುದಿಗಳಿಗೆ ಪೆನ್ಸಿಲ್ ಗುರುತು, ಪಕ್ಕದಲ್ಲಿ ತಾರೀಕು. ಅಗಲ ಅಳೆಯೋಕೆ ಅಪ್ಪ ಹಳೇ ಸ್ಕೂಟರಿನ ಪಾಯಿಂಟ್ ಗ್ಯಾಪ್ ನೋಡೋ ಫೀಲರ್ ಗೇಜ್ ಹುಡುಕಿ ತೆಗೆದರು! ಬಿರುಕು ಅಳೆಯೋಕೆ ಮಾಡಿದ ಸಾಧನ ಅಲ್ಲ ಅದು, ಆದರೆ ಒಂದೇ ಜಾಗದಲ್ಲಿ ಒಂದೇ ಕೈ ಅಳೆದರೆ ಏರಿತೋ ಇಳಿಯಿತೋ ಅಂತ ತಿಳಿಯೋಕೆ ಸಾಕು. ನಾನು ಸೋಮವಾರ ಬೆಂಗಳೂರಿಗೆ ವಾಪಸ್. ದಿನಾ ಬೆಳಿಗ್ಗೆ ಏಳಕ್ಕೆ ವಾಟ್ಸಾಪಿನಲ್ಲಿ ಅಪ್ಪನ ಲೆಡ್ಜರ್ ಪುಟದ ಫೋಟೋ ಬರ್ತಿತ್ತು. ತಾರೀಕು, ಮಳೆ ಇದೆ ಅಥವಾ ಇಲ್ಲ, ಅಡ್ಡ, ನೇರ, ಷರಾ.

ಮೈಸೂರಿಗೆ ಮೇ ಮತ್ತು ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲೇ ಜೋರು ಮಳೆ. ಅಕ್ಟೋಬರ್ ಮೂರನೇ ವಾರ ಎರಡು ರಾತ್ರಿ ಸುರಿಯಿತು. ಮಾರನೇ ದಿನದ ಷರಾ: "ಅಡ್ಡ ಬಿರುಕಿನ ಎಡಗಡೆ ಗಾಜು ಒಡೆದಿದೆ. 0.35 ಇದ್ದದ್ದು 0.45. ನೇರ ಬಿರುಕು ವ್ಯತ್ಯಾಸ ಇಲ್ಲ." ಮಣ್ಣು ಅಥವಾ ನೀರಿಗೆ ತಗಲಿಕೊಂಡಿರೋ ಗೋಡೆಗೆ ಐಎಸ್ 456 ಒಪ್ಪೋದು 0.2 ಮಿಲಿಮೀಟರ್ ತನಕ. ಇದು ಅದರ ಎರಡರಷ್ಟನ್ನೂ ದಾಟಿತ್ತು. ಆದರೆ ನನಗೆ ಆ ಸಂಖ್ಯೆಗಿಂತ ಮುಖ್ಯ ಅನ್ನಿಸಿದ್ದು ಪಕ್ಕದ ಕಾಲಂ. ಮಳೆ ಬಂದಾಗ ಅಗಲ ಆಗುತ್ತೆ.

ಎರಡು ರಸ್ತೆ ಆಚೆ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಅಪ್ಪ ಲೆಡ್ಜರ್ ಹಿಡ್ಕೊಂಡೇ ಹೋಗಿ ಕರ್ಕೊಂಡು ಬಂದರು. ಅವರು ಗೋಡೆ ನೋಡೋಕಿಂತ ಹೆಚ್ಚು ಹೊತ್ತು ಲೆಡ್ಜರ್ ನೋಡಿದರು. ಬಿಳೀ ಪುಡಿಯನ್ನು ಉಗುರಲ್ಲಿ ಕೆರೆದು, "ಕಾಂಕ್ರೀಟಿನ ಸುಣ್ಣ ನೀರಲ್ಲಿ ಕರಗಿ ಆಚೆ ಬಂದು ಒಣಗಿದ್ದು" ಅಂದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಮಳೆ ಬಂದಾಗ ಈ ಗೋಡೆಯಿಂದ ನೀರು ಜಿನುಗುತ್ತಾ ಸ್ವಾಮಿ?"

"ಮೊದಲು ಜಿನುಗ್ತಿತ್ತು. ಈಗ ಮೂರು ವರ್ಷದಿಂದ ಇಲ್ಲ ಸಾರ್, ಅದು ಸರಿಹೋಯ್ತು."

"ಅದೇ ತೊಂದರೆ" ಅಂದರು ಮೇಷ್ಟ್ರು.

ಮೆಟ್ಟಿಲ ಮೇಲೆ ಕಾಫಿ ಹಿಡ್ಕೊಂಡು ನಿಂತಿದ್ದ ಅಮ್ಮ, "ರೀ, ಅಕ್ಕನ ಮದುವೆಗೆ ಮುಂಚೆ ಆ ತೂತೆಲ್ಲ ಮುಚ್ಚಿಸಿದ್ವಲ್ಲ" ಅಂದರು. 'ಅಕ್ಕ' ಅಂದ್ರೆ ನನ್ನ ಅಕ್ಕ. 2021ರಲ್ಲಿ ಮದುವೆ, ಮನೇಲೇ ಚಪ್ಪರ, ಸೆಲ್ಲಾರಿನಲ್ಲೇ ಊಟ. ಗೋಡೆಯಿಂದ ಕೆಂಪು ನೀರು ಇಳಿದು ನೆಲವೆಲ್ಲ ಕಲೆ ಆಗುತ್ತೆ ಅಂತ, ಬಣ್ಣ ಹೊಡೆಯೋಕೆ ಬಂದವರ ಕೈಲಿ ಸಿಮೆಂಟು ಮೆತ್ತಿಸಿದ್ದರು. ಮೆತ್ತಿದವರೂ ಅದು ಯಾಕಿತ್ತು ಅಂತ ಹೇಳಲಿಲ್ಲ. ಮೇಲೆ ವಾಟರ್‌ಪ್ರೂಫ್ ಬಣ್ಣ. ಎಷ್ಟು ತೂತು, ಎಲ್ಲೆಲ್ಲಿ ಅಂತ ಯಾರಿಗೂ ನೆನಪಿಲ್ಲ. ನಮ್ಮ ಆಫೀಸಿನಲ್ಲಾದರೆ ಗಿಟ್‌ನಲ್ಲಿ ಹಳೇ ವರ್ಷನ್ ತೆಗೆದು ನೋಡಬಹುದು, ಗೋಡೆಗೆ ಎಲ್ಲಿಂದ ತರೋದು? ಅಮ್ಮನೇ ಗೃಹಪ್ರವೇಶದ ಆಲ್ಬಂ ತಂದರು. 2006ರ ಒಂದು ಫೋಟೋದಲ್ಲಿ ಅಡುಗೆ ಭಟ್ಟರು ಸೆಲ್ಲಾರಿನಲ್ಲಿ ಸಾರಿನ ಕೊಳಗ ತಿರುವುತ್ತಿದ್ದಾರೆ. ಅವರ ಹಿಂದೆ ಗೋಡೆಯಲ್ಲಿ ನೆಲದಿಂದ ಒಂದಡಿ ಮೇಲೆ ಸಾಲಾಗಿ ಏಳು ತೂತು :-)

ಮೇಷ್ಟ್ರು ಲೆಕ್ಕ ಹಾಕಿ ತೋರಿಸಿದ್ದು ನನಗೆ ಇನ್ನೂ ಬೆರಗು. ಗೋಡೆಯ ಹಿಂದೆ ಆರು ಅಡಿ ಎತ್ತರಕ್ಕೆ ನೀರು ನಿಂತರೆ, ಪ್ರತಿ ಮೀಟರ್ ಉದ್ದಕ್ಕೂ ನೀರೊಂದರ ತಳ್ಳುವಿಕೆಯೇ ಸುಮಾರು 1.6 ಟನ್. ನಮ್ಮ ಇಡೀ ಗೋಡೆಗೆ 14 ಟನ್‌ಗೂ ಮಿಕ್ಕಿ. "ನಮ್ಮ ಹಿಂದೆ ಅಷ್ಟು ನೀರೆಲ್ಲಿದೆ ಸಾರ್, ಮೂರಡಿ ಅಗಲದ ಓಣಿ" ಅಂದೆ. ನೀರು ಎಷ್ಟಿದೆ ಅನ್ನೋದು ಲೆಕ್ಕಕ್ಕಿಲ್ಲವಂತೆ, ಎಷ್ಟು ಆಳ ಇದೆ ಅನ್ನೋದಷ್ಟೇ. ಗೋಡೆಗೆ ಅಂಟಿಕೊಂಡು ಒಂದು ಗೇಣು ಅಗಲ ನೀರಿದ್ದರೂ ಅಷ್ಟೇ, ಇಡೀ ಕುಕ್ಕರಹಳ್ಳಿ ಕೆರೆ ಬಂದು ನಿಂತರೂ ಅಷ್ಟೇ. ಆಳ ಒಂದೇ ಇದ್ದರೆ ಗೋಡೆಗೆ ವ್ಯತ್ಯಾಸ ಗೊತ್ತಾಗೋದಿಲ್ಲ. 2021ರ ಅಕ್ಟೋಬರ್‌ನಲ್ಲಿ ಚಾಮುಂಡಿ ಬೆಟ್ಟದ ನಂದಿಯ ರಸ್ತೆ ಮಳೆಗೆ ಕುಸಿದಿದ್ದು ನೆನಪಿದೆಯಲ್ಲ, ನೀರು ಕುಡಿದ ಮಣ್ಣು ಏನು ಮಾಡುತ್ತೆ ಅಂತ ನಾವೆಲ್ಲ ಅಲ್ಲೇ ನೋಡಿದ್ದೆವು. ನಮ್ಮ ಮನೆಯ ಹಿಂದಿನ ಓಣಿಗೆ ತಾರಸಿಯ ಎರಡು ಪೈಪುಗಳೂ ನೀರು ಬಿಡ್ತಿದ್ದವು. ಹೋಗೋಕೆ ದಾರಿ ಇರಲಿಲ್ಲ.

ನವೆಂಬರ್ ಮೊದಲ ಶನಿವಾರ ಮೇಸ್ತ್ರಿ ಆಲ್ಬಂ ಫೋಟೋ ನೋಡ್ಕೊಂಡು ಗುರುತು ಹಾಕಿ, ಉಳಿಯಲ್ಲಿ ಒಡೆದರು. ಮೊದಲ ತೂತಿನಿಂದ ಏನೂ ಬರಲಿಲ್ಲ, ಹಿಂದೆ ಜಲ್ಲಿಯೆಲ್ಲ ಮಣ್ಣು ಕಚ್ಚಿಕೊಂಡಿತ್ತು. ಕಂಬಿ ತೂರಿಸಿ ನಾಲ್ಕು ಸಲ ಆಡಿಸಿದರು. ಬುಳುಬುಳು ಅಂತ ಕೆಂಪು ನೀರು ಬಂತು. ಏಳೂ ತೂತು ತೆಗೆಯೋ ಹೊತ್ತಿಗೆ ಸೆಲ್ಲಾರ್ ಹೋಳಿ ಆಡಿದ ಹಾಗಿತ್ತು. ಮಳೆ ನಿಂತು ಎರಡು ವಾರ ಆಗಿದ್ದರೂ ಮಾರನೇ ದಿನ ಮಧ್ಯಾಹ್ನದವರೆಗೆ ಸಣ್ಣಗೆ ಹರಿಯುತ್ತಲೇ ಇತ್ತು. ಅಪ್ಪ ಒಂದು ಸ್ಟೂಲ್ ಹಾಕ್ಕೊಂಡು ಅದನ್ನೇ ನೋಡ್ತಾ ಕೂತಿದ್ದರು. ಲೆಡ್ಜರಿನಲ್ಲಿ ಡಿಸೆಂಬರ್ ಹೊತ್ತಿಗೆ 0.40, ಫೆಬ್ರವರಿಗೆ 0.35.

ಬೇಸಿಗೆಯಲ್ಲಿ ಹಿಂದಿನ ಓಣಿಯನ್ನು ಮೂರು ಭಾಗ ಮಾಡಿ, ಒಂದು ಮುಚ್ಚಿದ ಮೇಲೆ ಇನ್ನೊಂದು ಅಗೆದು, ತಳದಲ್ಲಿ ತೂತಿರೋ ಪೈಪು, ಸುತ್ತ ಜಲ್ಲಿ, ಮಣ್ಣು ಒಳಗೆ ಇಳಿಯದ ಹಾಗೆ ಬಟ್ಟೆಯಂಥ ಹಾಳೆ ಹಾಕಿಸಿದೆವು. ತಾರಸಿ ಪೈಪುಗಳನ್ನು ಮುಂದಿನ ಮೋರಿಗೆ ತಿರುಗಿಸಿದೆವು. ಎಲ್ಲಾ ಸೇರಿ ತೊಂಬತ್ತು ಸಾವಿರದ ಹತ್ತಿರ ಆಯಿತು. ಬಿರುಕಿಗೆ ತಕ್ಷಣ ಎಪಾಕ್ಸಿ ತುಂಬಿಸಿಬಿಡೋಣ ಅಂದೆ, ಮೇಷ್ಟ್ರು ಬೇಡ ಅಂದರು. ಗೋಡೆ ಇನ್ನೂ ಕದಲುತ್ತಿದ್ದರೆ ಎಪಾಕ್ಸಿ ಹಿಡ್ಕೊಳ್ಳುತ್ತೆ, ಪಕ್ಕದಲ್ಲಿ ಹೊಸದಾಗಿ ಸೀಳುತ್ತೆ. ಒಂದು ಮಳೆಗಾಲ ಪೂರ್ತಿ ನೋಡಿ ಆಮೇಲೆ ಅಂದರು. ಹೊಸ ಗಾಜು ಅಂಟಿಸಿದೆವು. 2025ರ ಮೇ ಮಳೆ ಹೇಗಿತ್ತು ಅಂತ ನಿಮಗೇ ಗೊತ್ತು. ಅಕ್ಟೋಬರ್ ಮುಗಿದರೂ ಗಾಜು ಒಡೆಯಲಿಲ್ಲ, ಬಿರುಕು 0.35ರಲ್ಲೇ ನಿಂತಿತು. ಹೊಟ್ಟೆ ಆರು ಮಿಲಿಮೀಟರ್ ಹಾಗೇ ಇದೆ, ಅದು ಒಳಗೆ ಹೋಗೋದಿಲ್ಲವಂತೆ. ಡಿಸೆಂಬರಿನಲ್ಲಿ ಎಪಾಕ್ಸಿ ತುಂಬಿಸಿದ್ದಾಯಿತು. ಅಪ್ಪನ ಮಂಚ ಯಾವ ದಿನ ರೂಮಿಗೆ ವಾಪಸ್ ಹೋಯಿತೋ ನನಗೆ ಗೊತ್ತಿಲ್ಲ, ಲೆಡ್ಜರಿನಲ್ಲಿ ಬರೆದಿಲ್ಲ.

ನೆಲದ ಕಲೆ ಮತ್ತೆ ಶುರುವಾಗಿದೆ. ಅಮ್ಮ ಗೋಡೆಯ ಬುಡಕ್ಕೆ ಒಂದು ಸಣ್ಣ ಕಾಲುವೆ ಮಾಡಿಸಿ, ಆ ನೀರನ್ನು ಮುಂದಿರೋ ಕರಿಬೇವಿನ ಗಿಡಕ್ಕೆ ಬಿಟ್ಟಿದ್ದಾರೆ. ಮಹಡಿಯ ವಿಷಯ ಇನ್ನೂ ತೀರ್ಮಾನ ಆಗಿಲ್ಲ. ಗೋಡೆ ಒಂದು ಲೆಕ್ಕ, ಅದರ ಕೆಳಗಿನ ತಳ ಮಹಡಿಯ ಭಾರ ಹೊರುತ್ತಾ ಅನ್ನೋದು ಬೇರೆ ಲೆಕ್ಕ. ಅದಕ್ಕೆ ಪಾಯದ ಪಕ್ಕ ಗುಂಡಿ ತೆಗೆದು ತಳದ ಅಗಲ, ಮಣ್ಣು ಎರಡೂ ನೋಡಬೇಕು ಅಂತಾರೆ ಮೇಷ್ಟ್ರು. ಅಪ್ಪ ಲೆಡ್ಜರಿನಲ್ಲಿ ಅದಕ್ಕೊಂದು ಹೊಸ ಪುಟ ತೆಗೆದು ಗೆರೆ ಎಳೆದು ಇಟ್ಟಿದ್ದಾರೆ.